ಬಾಲ್ಕನಿಯ ಬಿಸಿಲಲ್ಲಿ ನೀಲಿಮುದ್ರೆ: ಮುಂಬೈ, ಪುಣೆ, ಗೋವಾದ ಮನೆಗಳಿಗೆ ಸಯಾನೋಟೈಪ್ ಕೈಪಿಡಿ

ನೀಲನಕ್ಷೆ ಎಂಬ ಮಾತನ್ನು ಇವತ್ತು ಯೋಜನೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಮೊದಲು ಅದು ನಿಜಕ್ಕೂ ನೀಲಿ ಕಾಗದವೇ ಆಗಿತ್ತು. ಕಟ್ಟಡ, ಯಂತ್ರಗಳ ನಕ್ಷೆಯನ್ನು ಬಿಸಿಲಿಗೆ ಹಿಡಿದು ನಕಲು ತೆಗೆದಾಗ ಗೆರೆಗಳು ಬೆಳ್ಳಗೆ ಉಳಿದು ಹಿನ್ನೆಲೆ ಕಡುನೀಲಿಯಾಗುತ್ತಿತ್ತು. ಆ ವಿಧಾನದ ಹೆಸರೇ ಸಯಾನೋಟೈಪ್. ಅದನ್ನು 1842ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ಜಾನ್ ಹರ್ಷೆಲ್. ಮರುವರ್ಷವೇ ಆನಾ ಅಟ್ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆ ಕಡಲ ಪಾಚಿಗಳನ್ನು ಈ ಕಾಗದದ ಮೇಲಿಟ್ಟು, ಕ್ಯಾಮೆರಾ ಇಲ್ಲದೆಯೇ ಅವುಗಳ ಚಿತ್ರ ತೆಗೆಯತೊಡಗಿದರು.

ಅಂದಿನಿಂದ ಇಂದಿನವರೆಗೆ ಪಾಕ ಹೆಚ್ಚೇನೂ ಬದಲಾಗಿಲ್ಲ: ಎರಡು ಲವಣ, ನೀರು, ಕಾಗದ, ಬಿಸಿಲು. ಆದರೆ ಸಿಗುವ ಸೂಚನೆಗಳಲ್ಲಿ ಬಹುಪಾಲು ಒಣ ಹವೆಯ ಊರುಗಳಿಗೆ, ಹಿತ್ತಲಿರುವ ಮನೆಗಳಿಗೆ ಬರೆದವು. ಡೊಂಬಿವಲಿಯ ನಾಲ್ಕನೇ ಮಹಡಿಯಲ್ಲೋ ವಾಸ್ಕೋದ ಕಡಲ ಪಕ್ಕದಲ್ಲೋ ಅದೇ ಸೂಚನೆ ಹಿಡಿದು ಹೊರಟರೆ ಮೊದಲ ಹತ್ತು ಕಾಗದ ಹಾಳಾಗುವುದು ಖಂಡಿತ. ಇಲ್ಲಿ ಕೆಲಸ ಕೆಡಿಸುವವು ಮೂರು: ಗಾಳಿಯ ತೇವ, ಬಾಲ್ಕನಿಗೆ ಬಂದೂ ಬಾರದ ಬಿಸಿಲು, ಮತ್ತು ನಲ್ಲಿಯ ನೀರು. ಈ ಮೂರನ್ನು ಹಿಡಿತಕ್ಕೆ ತಂದುಕೊಂಡರೆ ಉಳಿದದ್ದು ಕೈಗೆ ಬೇಗ ಒಗ್ಗುತ್ತದೆ.

ನೀಲಿ ಹುಟ್ಟುವುದು ಹೇಗೆ

ಇಷ್ಟು ತಿಳಿದಿದ್ದರೆ ಮುಂದೆ ಎಲ್ಲಿ ತಪ್ಪಿತೆಂದು ನೀವೇ ಕಂಡುಕೊಳ್ಳಬಹುದು. ಮೊದಲ ಲವಣ ಫೆರಿಕ್ ಅಮೋನಿಯಂ ಸಿಟ್ರೇಟ್. ಇದರಲ್ಲಿರುವ ಫೆರಿಕ್ ಕಬ್ಬಿಣ ಬಿಸಿಲಿನ ಅತಿನೇರಳೆ ಕಿರಣ ತಾಗಿದಾಗ ಫೆರಸ್ ಕಬ್ಬಿಣವಾಗುತ್ತದೆ. ಎರಡನೆಯದು ಪೊಟ್ಯಾಶಿಯಂ ಫೆರಿಸಯನೈಡ್. ಹುಟ್ಟಿದ ಫೆರಸ್ ಇದರೊಡನೆ ಸೇರಿ ಪ್ರಷ್ಯನ್ ನೀಲಿ ಎಂಬ, ನೀರಿನಲ್ಲಿ ಕರಗದ ಬಣ್ಣವಾಗಿ ಕಾಗದದ ನಾರಿಗೆ ಕಚ್ಚಿಕೊಳ್ಳುತ್ತದೆ. ಕಾಗದದ ಮೇಲಿಟ್ಟ ಎಲೆ ಮುಚ್ಚಿದ್ದ ಜಾಗದಲ್ಲಿ ಏನೂ ನಡೆದಿರುವುದಿಲ್ಲ, ಅಲ್ಲಿನ ಲವಣ ತೊಳೆದಾಗ ಹೋಗಿ ಕಾಗದ ಬೆಳ್ಳಗೆ ಉಳಿಯುತ್ತದೆ. ಪ್ರಷ್ಯನ್ ನೀಲಿ ಸೌಮ್ಯ ಹುಳಿಗೆ ಹೆದರದು, ಕ್ಷಾರಕ್ಕೆ ಮಾತ್ರ ಕರಗಿಹೋಗುತ್ತದೆ. ಸೋಪಿನ ಪುಡಿ, ವಾಷಿಂಗ್ ಸೋಡಾ, ಸುಣ್ಣದ ಅಂಶವಿರುವ ಕಾಗದ, ಗಡಸು ನೀರು ಎಲ್ಲವೂ ಅದಕ್ಕೆ ಶತ್ರು.

ರಾಸಾಯನಿಕ ಕೊಳ್ಳುವಾಗ

ಮುಂಬೈಯಲ್ಲಿ ಮರೀನ್ ಲೈನ್ಸ್ ಹತ್ತಿರದ ಪ್ರಿನ್ಸೆಸ್ ಸ್ಟ್ರೀಟ್ ಸುತ್ತಮುತ್ತ ಪ್ರಯೋಗಾಲಯದ ರಾಸಾಯನಿಕ ಮಾರುವವರಿದ್ದಾರೆ. ಪುಣೆ, ಗೋವಾದವರು ಕಾಲೇಜುಗಳಿಗೆ ಸರಬರಾಜು ಮಾಡುವ ಅಂಗಡಿಯಲ್ಲಿ ಕೇಳಬಹುದು, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಬಹುದು. ಹೆಸರಿನಲ್ಲಿ ಗೊಂದಲವಾಗದಂತೆ ಸಿಎಎಸ್ ಸಂಖ್ಯೆ, ಅಂದರೆ ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ, ಬರೆದುಕೊಂಡು ಹೋಗಿ. ಫೆರಿಕ್ ಅಮೋನಿಯಂ ಸಿಟ್ರೇಟ್ 1185-57-5, ಪೊಟ್ಯಾಶಿಯಂ ಫೆರಿಸಯನೈಡ್ 13746-66-2.

ಮೊದಲನೆಯದರಲ್ಲಿ ಹಸಿರು, ಕಂದು ಎಂಬ ಎರಡು ಬಗೆಗಳಿವೆ. ಹಸಿರನ್ನೇ ಕೇಳಿ. ಕಂದು ಬಗೆಯೂ ಕೆಲಸ ಮಾಡುತ್ತದೆ, ಆದರೆ ಬಿಸಿಲಿಗೆ ನಿಧಾನವಾಗಿ ಸ್ಪಂದಿಸುತ್ತದೆ. ಎರಡನೆಯದರಲ್ಲಿ ಒಂದೇ ಅಕ್ಷರದ ಮೋಸವಿದೆ. ಫೆರಿಸಯನೈಡ್ ಬೇಕು, ಫೆರೋಸಯನೈಡ್ ಬೇಡ. ಕಣ್ಣಿನಿಂದಲೇ ಗುರುತಿಸಬಹುದು: ಫೆರಿಸಯನೈಡ್ ಹರಳು ಕೇಸರಿ ಬೆರೆತ ಕೆಂಪು, ಫೆರೋಸಯನೈಡ್ ತಿಳಿಹಳದಿ. ತಪ್ಪಿ ಹಳದಿಯದನ್ನು ತಂದರೆ ಎರಡು ದ್ರಾವಣ ಬೆರೆಸಿದ ಕ್ಷಣವೇ, ಕತ್ತಲಲ್ಲೂ, ಬಟ್ಟಲು ಪೂರ್ತಿ ನೀಲಿಯಾಗಿಬಿಡುತ್ತದೆ.

ಸಯನೈಡ್ ಎಂಬ ಹೆಸರು ಕೇಳಿ ಮನೆಯವರು ಗಾಬರಿಯಾಗುವುದು ಸಹಜ. ಈ ಲವಣದಲ್ಲಿ ಸಯನೈಡ್ ಕಬ್ಬಿಣಕ್ಕೆ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ, ಸಾಮಾನ್ಯ ಬಳಕೆಯಲ್ಲಿ ಬಿಡಿಸಿಕೊಳ್ಳುವುದಿಲ್ಲ. ಆದರೆ ತೀಕ್ಷ್ಣ ಆಮ್ಲ ಸೇರಿದರೆ, ಅದರಲ್ಲೂ ಕಾಯಿಸಿದರೆ, ವಿಷಾನಿಲ ಹೊರಡಬಹುದು. ನಮ್ಮ ಬಚ್ಚಲುಗಳಲ್ಲಿ ಇಡುವ ಟಾಯ್ಲೆಟ್ ಕ್ಲೀನರ್ ಬಹುತೇಕ ಹೈಡ್ರೋಕ್ಲೋರಿಕ್ ಆಮ್ಲವೇ. ಹಾಗಾಗಿ ಬಚ್ಚಲು ತೊಳೆದ ದಿನ ಅಲ್ಲಿ ಈ ಕೆಲಸ ಬೇಡ, ಮಿಕ್ಕ ದ್ರಾವಣವನ್ನು ಕ್ಲೀನರ್ ಸುರಿದ ಕಮೋಡಿಗೆ ಹಾಕುವುದಂತೂ ಬೇಡವೇ ಬೇಡ. ಬ್ಲೀಚನ್ನೂ ದೂರವಿಡಿ. ಪುಡಿ ತೂಗುವಾಗ ಮಾಸ್ಕ್, ಕೈಗೆ ಗ್ಲೌಸ್ ಇರಲಿ. ಅಡುಗೆಯ ಬಟ್ಟಲು, ಚಮಚ ಒಮ್ಮೆ ಇದಕ್ಕೆ ಬಳಸಿದರೆ ಮತ್ತೆ ಅಡುಗೆಮನೆಗೆ ಹೋಗಬಾರದು. ಹಳೆಯ ಕೆಮ್ಮಿನ ಔಷಧದ ಸೀಸೆಯಲ್ಲಿ ದ್ರಾವಣ ಇಡಬೇಡಿ. ಸೀಸೆಯ ಆಕಾರ ನೋಡಿ ಯಾರಾದರೂ ಔಷಧವೆಂದೇ ತಿಳಿದಾರು. ಹೊಸ ಕಂದು ಬಣ್ಣದ ಸೀಸೆ ಅದೇ ರಾಸಾಯನಿಕದ ಅಂಗಡಿಯಲ್ಲಿ ಸಿಗುತ್ತದೆ.

ದ್ರಾವಣ

ಆರಂಭಕ್ಕೆ ಸಣ್ಣ ಪ್ರಮಾಣವೇ ಸಾಕು.

ಸೀಸೆ ಅ: ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್ 12.5 ಗ್ರಾಂ, ಡಿಸ್ಟಿಲ್ಡ್ ವಾಟರ್ 50 ಮಿ.ಲೀ.
ಸೀಸೆ ಆ: ಪೊಟ್ಯಾಶಿಯಂ ಫೆರಿಸಯನೈಡ್ 5 ಗ್ರಾಂ, ಡಿಸ್ಟಿಲ್ಡ್ ವಾಟರ್ 50 ಮಿ.ಲೀ.

ತೂಗಲು 0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು, ಅಡುಗೆಮನೆಯದು ಇಷ್ಟು ಸಣ್ಣ ತೂಕಕ್ಕೆ ನಂಬಿಕೆಗೆ ಸಾಲದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ನಡೆಯುತ್ತದೆ, ಆದರೆ ಅದರಲ್ಲಿ ಆಮ್ಲ ಸೇರಿಲ್ಲವೆಂದು ಡಬ್ಬಿಯ ಮೇಲೆ ಓದಿ ನೋಡಿ. ಕಲಕಲು ಪ್ಲಾಸ್ಟಿಕ್ ಅಥವಾ ಗಾಜಿನ ಕಡ್ಡಿ ಇರಲಿ, ಸ್ಟೀಲ್ ಚಮಚ ಬೇಡ. ಸೀಸೆಗಳ ಮೇಲೆ ಹೆಸರು, ತಾರೀಕು ಬರೆದು ಮಕ್ಕಳ ಕೈಗೆ ಸಿಗದ ಕಪಾಟಿನಲ್ಲಿಡಿ.

ಬೇರೆ ಬೇರೆ ಇದ್ದಷ್ಟು ಕಾಲ ಇವು ಬಿಸಿಲಿಗೆ ಅಷ್ಟು ಬೇಗ ಕೆಡುವುದಿಲ್ಲ. ಸೀಸೆ ಆ ತಿಂಗಳುಗಟ್ಟಲೆ ಬಾಳುತ್ತದೆ. ಸೀಸೆ ಅ ಹಾಗಲ್ಲ. ಸಿಟ್ರೇಟ್ ಬೂಷ್ಟಿಗೆ ಒಳ್ಳೆಯ ಊಟ, ಮುಂಬೈಯ ಮಳೆಗಾಲದಲ್ಲಂತೂ ಕೆಲವೇ ವಾರಗಳಲ್ಲಿ ಮೇಲೆ ಪದರ ಕಟ್ಟುತ್ತದೆ. ತೆಳುವಾಗಿದ್ದರೆ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ ಬಳಸಬಹುದು, ದಪ್ಪಗೆ ಬೆಳೆದಿದ್ದರೆ ಚೆಲ್ಲಿ. ಈ ಕಾರಣಕ್ಕೇ 50 ಮಿ.ಲೀ.ಗಿಂತ ಹೆಚ್ಚು ಮಾಡಬೇಡಿ ಎನ್ನುವುದು. ಪುಡಿಯೂ ಗಾಳಿಯ ತೇವವನ್ನು ಹೀರಿ ಬೆಲ್ಲದಂತೆ ಮುದ್ದೆಯಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಟಿಗಳ ಜತೆ ಇಡಿ.

ಬಳಸುವ ಹೊತ್ತಿಗೆ ಮಾತ್ರ ಅ ಮತ್ತು ಆ ಸಮಸಮವಾಗಿ ಬೆರೆಸಿ. ಮೆಡಿಕಲ್ ಅಂಗಡಿಯ 5 ಮಿ.ಲೀ. ಸಿರಿಂಜ್, ಸೂಜಿಯಿಲ್ಲದ್ದು, ಎರಡು ತಂದು ಒಂದೊಂದು ಸೀಸೆಗೆ ಒಂದೊಂದನ್ನು ಮೀಸಲಿಡಿ. ಎ4 ಹಾಳೆಗೆ ಬೆರೆಸಿದ ದ್ರಾವಣ ಸುಮಾರು 3 ಮಿ.ಲೀ. ಸಾಕು, ಅಂದರೆ ಪ್ರತಿಯೊಂದರಿಂದ 1.5 ಮಿ.ಲೀ. ಬಟ್ಟೆ ಹೆಚ್ಚು ಕುಡಿಯುತ್ತದೆ, ಕರವಸ್ತ್ರದಷ್ಟು ಹತ್ತಿಬಟ್ಟೆಗೆ 8ರಿಂದ 10 ಮಿ.ಲೀ. ಬೇಕು. ಬೆರೆಸಿದ್ದನ್ನು ಅಂದೇ ಮುಗಿಸಿ.

ಕಾಗದ

ಸಾಮಾನ್ಯ ಜೆರಾಕ್ಸ್ ಕಾಗದ ನೀರಲ್ಲಿ ಬಿದ್ದರೆ ಹರಿಯುತ್ತದೆ, ಮೇಲಾಗಿ ಅದರಲ್ಲಿ ಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸೇರಿಸಿರುತ್ತಾರೆ. ಆ ಕ್ಷಾರ ನೀಲಿಯನ್ನು ಒಳಗಿನಿಂದಲೇ ತಿನ್ನುತ್ತದೆ. ಎಷ್ಟೋ ದುಬಾರಿ ಜಲವರ್ಣದ ಕಾಗದಗಳಲ್ಲೂ ದೀರ್ಘ ಬಾಳಿಕೆಗೆಂದು ಇದೇ ಪುಡಿ ಇರುತ್ತದೆ. ಆದ್ದರಿಂದ ಬೆಲೆ ನೋಡಿ ಕೊಳ್ಳಬೇಡಿ, ಪರೀಕ್ಷೆ ಮಾಡಿ. ಮೂಲೆಯ ಒಂದು ಚೂರು ಹರಿದು ಅದರ ಮೇಲೆ ವಿನಿಗರ್ ಹನಿ ಹಾಕಿ, ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಗುಳ್ಳೆ ಏಳುತ್ತಿದ್ದರೆ ಸುಣ್ಣವಿದೆ, ಆ ಕಾಗದ ಬಿಡಿ.

ಹತ್ತಿ ನಾರಿನ 200ರಿಂದ 300 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಗುವ) ಕಾಗದ ಒಳ್ಳೆಯದು. ಪುಣೆಯವರಿಗೆ ಶಿವಾಜಿನಗರದ ಹ್ಯಾಂಡ್‌ಮೇಡ್ ಪೇಪರ್ ಇನ್‌ಸ್ಟಿಟ್ಯೂಟ್ ಹತ್ತಿರದಲ್ಲೇ ಇದೆ. 1940ರಿಂದ ಇರುವ ಸಂಸ್ಥೆ ಅದು. ಕೈಕಾಗದದ ಮೇಲ್ಮೈಯ ಒರಟುತನದಲ್ಲಿ ಈ ನೀಲಿಗೆ ಬರುವ ಆಳ ಯಂತ್ರದ ಕಾಗದದಲ್ಲಿ ಬರದು. ಆದರೆ ಕೈಕಾಗದ ಯಾವುದೇ ಇರಲಿ, ವಿನಿಗರ್ ಪರೀಕ್ಷೆಯನ್ನು ಬಿಡಬೇಡಿ. ತೀರಾ ಮೃದುವಾಗಿ ಹೀರುವ ಕಾಗದದಲ್ಲಿ ದ್ರಾವಣ ಒಳಗಿಳಿದು ಚಿತ್ರ ಮಂಕಾಗುತ್ತದೆ. ಒಂದು ಹನಿ ನೀರು ಹಾಕಿದರೆ ನಾಲ್ಕೈದು ಸೆಕೆಂಡಾದರೂ ಮೇಲೆ ನಿಲ್ಲಬೇಕು.

ಬಳಿಯುವುದು, ಒಣಗಿಸುವುದು

ರಾತ್ರಿ ಈ ಕೆಲಸ ಮಾಡಿ. ಪರದೆ ಎಳೆದು, ಟ್ಯೂಬ್‌ಲೈಟ್ ಆರಿಸಿ, ಮೂಲೆಯಲ್ಲಿ ಹಳದಿ ಬೆಳಕಿನ ಬಲ್ಬೊಂದನ್ನು ಹಚ್ಚಿದರೆ ಸಾಕು. ಫೋಟೋ ತೊಳೆಯುವ ಕತ್ತಲಕೋಣೆ ಬೇಕಿಲ್ಲ.

ಕಾಗದವನ್ನು ರಟ್ಟಿನ ಮೇಲೆ ಪೇಪರ್ ಟೇಪಿನಿಂದ ಅಂಟಿಸಿ. ಬ್ರಷ್ಷು ಫೋಮಿನದ್ದಾಗಲಿ, ಮೆತ್ತನೆ ಕೂದಲಿನದ್ದಾಗಲಿ, ಅದರ ಕೊರಳಿಗೆ ತಗಡಿನ ಪಟ್ಟಿ ಇರಬಾರದು. ಇದ್ದರೆ ಅಲ್ಲಿಂದ ಕಬ್ಬಿಣ ಬಿಟ್ಟು ಕಾಗದದ ಮೇಲೆ ಕಡುನೀಲಿ ಚುಕ್ಕೆಗಳೇಳುತ್ತವೆ. ಬ್ರಷ್ಷನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಹಿಂಡಿ. ಹೀಗೆ ಮಾಡಿದರೆ ಅದು ದ್ರಾವಣವನ್ನು ತಾನೇ ಕುಡಿದುಬಿಡುವುದಿಲ್ಲ. ದ್ರಾವಣವನ್ನು ಕಾಗದದ ನಡುವೆ ಸುರಿದು ಮೊದಲು ಅಡ್ಡಕ್ಕೆ, ಮತ್ತೆ ಉದ್ದಕ್ಕೆ ಹಗುರ ಕೈಯಲ್ಲಿ ಎಳೆಯಿರಿ. ಒಂದು ನಿಮಿಷದೊಳಗೆ ಮುಗಿಸಬೇಕು. ಎಲ್ಲೂ ಮಡು ನಿಲ್ಲಬಾರದು. ಮಡು ನಿಂತ ಕಡೆ ಲವಣ ಮೇಲೆಯೇ ಹರಳುಗಟ್ಟುತ್ತದೆ, ತೊಳೆಯುವಾಗ ಅದು ನೀಲಿ ಹೊಳೆಯಾಗಿ ಹರಿದು ಬಿಳಿಯನ್ನೆಲ್ಲ ಮೆತ್ತುತ್ತದೆ. ಕಡು ಬಣ್ಣ ಬೇಕೆಂದರೆ ದಪ್ಪಗೆ ಬಳಿಯುವ ಬದಲು ಒಣಗಿದ ಮೇಲೆ ಇನ್ನೊಂದು ತೆಳು ಪದರ ಕೊಡಿ. ಅಂಚಿನಲ್ಲಿ ಬ್ರಷ್ಷಿನ ಗುರುತು ಏರುಪೇರಾಗಿ ಉಳಿದರೆ ಹಾಗೆಯೇ ಬಿಡಿ, ಕೈಯಲ್ಲಿ ಮಾಡಿದ ಮುದ್ರೆಗೆ ಅದೇ ಚೆಂದ.

ಇನ್ನು ಒಣಗಿಸುವುದು. ಇಲ್ಲಿಯ ಸೋಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟುವುದು ಇದೇ ಹಂತದಲ್ಲಿ. ಜನವರಿಯ ಪುಣೆಯಲ್ಲಿ ಫ್ಯಾನಿನ ಕೆಳಗೆ ಒಂದು ಗಂಟೆಗೆ ಹಾಳೆ ಗರಿಗರಿಯಾಗುತ್ತದೆ. ಜುಲೈಯ ಮುಂಬೈಯಲ್ಲಿ ಇಡೀ ರಾತ್ರಿ ಇಟ್ಟರೂ ಮೆತ್ತಗೇ ಇರುತ್ತದೆ, ಅಷ್ಟೇ ಅಲ್ಲ, ತೇವವಿರುವ ಲೇಪನ ಕತ್ತಲಲ್ಲೂ ತಾನಾಗಿಯೇ ನಿಧಾನಕ್ಕೆ ನೀಲಿಗೆ ತಿರುಗತೊಡಗುತ್ತದೆ. ಸರಿಯಾಗಿ ಒಣಗಿದ ಹಾಳೆಯ ಬಣ್ಣ ನಿಂಬೆಯ ಹಸಿರುಹಳದಿ. ಸಮುದ್ರದ ಹಸಿರು ಅಥವಾ ಬೂದುನೀಲಿ ಕಂಡರೆ ಅದು ಆಗಲೇ ಕೆಟ್ಟಿದೆ, ಬಿಸಿಲಿಗಿಟ್ಟು ಸಮಯ ಹಾಳುಮಾಡಬೇಡಿ.

ಮಳೆಗಾಲದಲ್ಲಿ ಹತ್ತು ನಿಮಿಷ ಹಾಗೇ ಬಿಟ್ಟು ದ್ರಾವಣ ನಾರಿಗಿಳಿದ ಮೇಲೆ ಹೇರ್ ಡ್ರೈಯರ್ ಅನ್ನು ತಣ್ಣನೆ ಗಾಳಿಗೆ ಹಾಕಿ, ಒಂದಡಿ ದೂರದಿಂದ ಹಿಡಿಯಿರಿ. ಏಸಿ ಇರುವ ಕೋಣೆಯಾದರೆ ಇನ್ನೂ ಒಳ್ಳೆಯದು, ಅದು ಗಾಳಿಯ ತೇವ ತೆಗೆಯುತ್ತದೆ. ಒಣಗಿತೋ ಇಲ್ಲವೋ ನೋಡಲು ಹಾಳೆಯ ಹಿಂಬದಿಯನ್ನು ಮುಂಗೈಗೆ ತಾಗಿಸಿ, ತಣ್ಣಗನಿಸಿದರೆ ಇನ್ನೂ ನೀರಿದೆ. ಒಣಗಿದ ಹಾಳೆಗಳನ್ನು ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಟ್ಟು ಮರುದಿನವೇ ಮುದ್ರಿಸಿ. ಮುಂದಿನ ಭಾನುವಾರಕ್ಕೆಂದು ಎತ್ತಿಡುವುದು ಬೇಡ.

ಏನನ್ನು ಮುದ್ರಿಸಬಹುದು

ಮೊದಲ ಸಲ ಎಲೆಗಳೇ ಸುಲಭ. ಕರಿಬೇವಿನ ಕಡ್ಡಿ, ನುಗ್ಗೆಸೊಪ್ಪು, ಹುಣಸೆ ಮತ್ತು ಗುಲ್‌ಮೊಹರಿನ ಗರಿ, ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯ ಮೇಲೆ ತಾನಾಗಿ ಬೆಳೆಯುವ ಜರಿಗಿಡ ಎಲ್ಲವೂ ಚಪ್ಪಟೆಯಾಗಿದ್ದು ಆಕಾರ ಸ್ಪಷ್ಟವಾಗಿ ಮೂಡುತ್ತವೆ. ದಾಸವಾಳದ ಎಸಳು ತೆಳು, ಸ್ವಲ್ಪ ಬೆಳಕು ಒಳಗೆ ಬಿಡುವುದರಿಂದ ಅದರ ನರಗಳೂ ತಿಳಿನೀಲಿಯಲ್ಲಿ ಕಾಣುತ್ತವೆ. ಮಲ್ಲಿಗೆ, ಚೆಂಡುಹೂವು ಉಬ್ಬಾದ್ದರಿಂದ ಗಾಜು ಮೇಲೆದ್ದು ಅಂಚು ಮಸುಕಾಗುತ್ತದೆ, ಅವನ್ನು ಬಿಡಿ. ಎಲೆಗಳನ್ನು ಎರಡು ದಿನ ಹಳೆಯ ಪೇಪರಿನ ನಡುವೆ ಭಾರದ ಕೆಳಗೆ ಒತ್ತಿಡಿ. ಹಸಿ ಎಲೆಯನ್ನು ಹಾಗೇ ಇಟ್ಟರೆ ಬಿಸಿಲಿನ ಕಾವಿಗೆ ಅದು ಬೆವರಿ ಗಾಜಿನಡಿ ನೀರು ಕೂತು, ಕಾಗದದ ಮೇಲೆ ಕಲೆಯಾಗುತ್ತದೆ.

ನಮ್ಮವರಿಗೆ ಈ ಮಾಧ್ಯಮ ಹೇಳಿ ಮಾಡಿಸಿದಂತಿರುವುದು ರಂಗೋಲಿಯಲ್ಲಿ. ಫೋಟೋ ಮುದ್ರಿಸಬೇಕಾದರೆ ಕಪ್ಪು ಬಿಳುಪು ತಿರುಗಿಸಿ ನೆಗೆಟಿವ್ ಮಾಡಬೇಕು. ರಂಗೋಲಿಗೆ ಅದು ಬೇಕಿಲ್ಲ. ಪಾರದರ್ಶಕ ಓಎಚ್‌ಪಿ ಹಾಳೆಯ ಮೇಲೆ ಕಪ್ಪು ಪರ್ಮನೆಂಟ್ ಮಾರ್ಕರಿನಿಂದ ಚುಕ್ಕಿಯಿಟ್ಟು ಎಳೆ ಎಳೆದರೆ ಮುದ್ರೆಯಲ್ಲಿ ಅವು ಬೆಳ್ಳಗೆ, ನೆಲ ಕಡುನೀಲಿ. ಬೆಳಗಿನ ಜಾವದ ಅಂಗಳದಂತೆಯೇ. ಕನ್ನಡ ಅಕ್ಷರಗಳನ್ನೂ ಹೀಗೆ ಬರೆದು ಶುಭಾಶಯ ಪತ್ರ ಮಾಡಬಹುದು. ಮಾರ್ಕರಿನ ಗೆರೆಯನ್ನು ದೀಪಕ್ಕೆ ಹಿಡಿದಾಗ ಬೆಳಕು ತೂರಿಬಂದರೆ ಇನ್ನೊಮ್ಮೆ ತಿದ್ದಿ. ಅಕ್ಷರ ಬರೆದ ಹಾಳೆಯನ್ನು ಮಗುಚಿ, ಶಾಯಿಯ ಬದಿ ಕಾಗದಕ್ಕೆ ತಾಗುವಂತೆ ಇಟ್ಟರೆ ಅಂಚು ಚೂಪಾಗಿ ಬರುತ್ತದೆ. ಹಾಗಿಡುವುದಾದರೆ ಅಕ್ಷರಗಳನ್ನು ಕನ್ನಡಿಯ ಪ್ರತಿಬಿಂಬದಂತೆ ಬರೆದಿರಬೇಕು. ಕಾಗದದ ಮೇಲೆ ಸರಿಯಾಗಿ ಬರೆದು, ಓಎಚ್‌ಪಿ ಹಾಳೆಯನ್ನು ಅದರ ಬೆನ್ನಿಗಿಟ್ಟು ಕಿಟಕಿಯ ಬೆಳಕಿನಲ್ಲಿ ನಕಲು ಮಾಡಿದರೆ ಇದು ತಾನಾಗಿ ಆಗುತ್ತದೆ.

ಫೋಟೋ ಬೇಕಾದರೆ ಮೊಬೈಲಿನಲ್ಲೇ ಅದನ್ನು ಕಪ್ಪುಬಿಳುಪು ಮಾಡಿ, ಕಾಂಟ್ರಾಸ್ಟ್ ಸ್ವಲ್ಪ ತಗ್ಗಿಸಿ, ಇನ್ವರ್ಟ್ ಮಾಡಿ, ಎಡಬಲ ತಿರುಗಿಸಿ. ಜೆರಾಕ್ಸ್ ಅಂಗಡಿಯಲ್ಲಿ ಓಎಚ್‌ಪಿ ಹಾಳೆಗೆ ಪ್ರಿಂಟ್ ತೆಗೆಸಿ. ಲೇಸರ್ ಪ್ರಿಂಟಿನ ಕಪ್ಪು ಅತಿನೇರಳೆಯನ್ನು ಪೂರ್ತಿ ತಡೆಯುವುದಿಲ್ಲ. ಎರಡು ಪ್ರತಿ ತೆಗೆಸಿ ಒಂದರ ಮೇಲೊಂದು ಸರಿಹೊಂದಿಸಿ ಅಂಟಿಸಿದರೆ ಬಿಳಿ ಬೆಳ್ಳಗಿರುತ್ತದೆ.

ಬಿಸಿಲು

ಹಳೆಯ ಫೋಟೋ ಫ್ರೇಮಿನ 3 ಅಥವಾ 4 ಮಿ.ಮೀ. ಸಾದಾ ಗಾಜು, ಅದೇ ಅಳತೆಯ ಪ್ಲೈವುಡ್, ನಾಲ್ಕು ದೊಡ್ಡ ಕ್ಲಿಪ್ಪುಗಳು. ಇಷ್ಟೇ ಚೌಕಟ್ಟು. ಗಾಜಿನ ಬದಲು ಅಕ್ರಿಲಿಕ್ ಹಾಳೆ ಬೇಡ, ಎಷ್ಟೋ ಅಕ್ರಿಲಿಕ್‌ಗಳಿಗೆ ಅತಿನೇರಳೆ ತಡೆಯುವ ಗುಣ ಸೇರಿಸಿರುತ್ತಾರೆ. ಕೆಳಗೆ ಪ್ಲೈವುಡ್, ಅದರ ಮೇಲೆ ಲೇಪನದ ಕಾಗದ, ಎಲೆ ಅಥವಾ ನೆಗೆಟಿವ್, ಮೇಲೆ ಗಾಜು. ಮಳೆಗಾಲದಲ್ಲಿ ಕಾಗದಕ್ಕೂ ನೆಗೆಟಿವ್‌ಗೂ ನಡುವೆ ತೆಳು ಪಾರದರ್ಶಕ ಹಾಳೆಯೊಂದನ್ನು ಹಾಕಿ, ಇಲ್ಲದಿದ್ದರೆ ತೇವಕ್ಕೆ ನೆಗೆಟಿವ್ ಅಂಟಿ ಕಲೆಯಾಗುತ್ತದೆ.

ಈಗ ಎಲ್ಲಿಡುವುದು? ಮುಂಬೈಯ ಅಕ್ಷಾಂಶ ಸುಮಾರು 19 ಡಿಗ್ರಿ. ಮೇ ತಿಂಗಳ ನಡುವೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ವರ್ಷದಲ್ಲೇ ಅತಿ ಕಟು ಬಿಸಿಲು ಅದು, ಆದರೆ ಮೇಲಿನ ಮನೆಯ ಸ್ಲ್ಯಾಬಿನಿಂದಾಗಿ ನಿಮ್ಮ ಬಾಲ್ಕನಿಗೆ ಒಂದು ಚೂರೂ ಬೀಳುವುದಿಲ್ಲ. ಡಿಸೆಂಬರಿನಲ್ಲಿ ಇದಕ್ಕೆ ತದ್ವಿರುದ್ಧ: ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 47 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ, ದಕ್ಷಿಣದ ಬಾಲ್ಕನಿಗೆ ಬಿಸಿಲು ಒಳಗಿನವರೆಗೂ ಬರುತ್ತದೆ. ಹಾಗಾಗಿ ದಕ್ಷಿಣದ ಬಾಲ್ಕನಿ ಇರುವವರಿಗೆ ನವೆಂಬರಿನಿಂದ ಫೆಬ್ರವರಿ ಸುಗ್ಗಿ, ಬೇಸಿಗೆಯಲ್ಲಿ ಸೊಸೈಟಿಯ ಟೆರೇಸ್ ಹತ್ತಲೇಬೇಕು. ಪೂರ್ವ, ಪಶ್ಚಿಮದ ಬಾಲ್ಕನಿಯವರು ಬೆಳಿಗ್ಗೆ 9ರ ನಂತರ ಅಥವಾ ಸಂಜೆ 4ರೊಳಗಿನ ಬಿಸಿಲನ್ನು ಹಿಡಿಯಿರಿ, ಅದಕ್ಕೂ ಓರೆಯಾದ ಬಿಸಿಲಿನಲ್ಲಿ ಅತಿನೇರಳೆ ತೀರಾ ಕಡಿಮೆ. ಇನ್ನೊಂದು ವಿಷಯ: ಈ ಪಶ್ಚಿಮ ಕರಾವಳಿಯಲ್ಲಿ ಸೂರ್ಯ ತನ್ನ ಗರಿಷ್ಠ ಎತ್ತರಕ್ಕೇರುವುದು ಗಡಿಯಾರದ 12ಕ್ಕಲ್ಲ, ಸುಮಾರು 12.30ರ ಹೊತ್ತಿಗೆ. 11ರಿಂದ 2 ಅತ್ಯುತ್ತಮ ಅವಧಿ.

ಬಾಲ್ಕನಿಯ ಗ್ರಿಲ್ ಇನ್ನೊಂದು ತೊಂದರೆ. ಅದರ ನೆರಳು ಮುದ್ರೆಯ ಮೇಲೆ ತಿಳಿನೀಲಿ ಪಟ್ಟಿಗಳಾಗಿ ಉಳಿಯುತ್ತದೆ. ಗ್ರಿಲ್ಲಿನ ಸರಳುಗಳಿಂದ ದೂರ, ಒಳಗಡೆ ಇಟ್ಟಷ್ಟೂ ನೆರಳಿನ ಅಂಚು ಮೆತ್ತಗಾಗುತ್ತದೆ. ಎರಡೆರಡು ನಿಮಿಷಕ್ಕೊಮ್ಮೆ ಚೌಕಟ್ಟನ್ನು ಒಂದು ಅಂಗುಲ ಪಕ್ಕಕ್ಕೆ ಸರಿಸುತ್ತಿದ್ದರೆ ಪಟ್ಟಿ ಕಾಣುವುದೇ ಇಲ್ಲ. ಚೌಕಟ್ಟನ್ನು ಗ್ರಿಲ್ಲಿನ ಹೊರಗೆ ಚಾಚಿಡುವ ಸಾಹಸ ಮಾತ್ರ ಬೇಡ, ಕೆಳಗೆ ಜನ ಓಡಾಡುತ್ತಾರೆ.

ಸಮಯದ ಅಂದಾಜು ಎಲೆಗಳಿಗೆ ಹೀಗಿದೆ: ಏಪ್ರಿಲ್, ಮೇ ಮಧ್ಯಾಹ್ನ 4ರಿಂದ 8 ನಿಮಿಷ, ಅಕ್ಟೋಬರಿನಿಂದ ಫೆಬ್ರವರಿವರೆಗೆ 8ರಿಂದ 15. ನೆಗೆಟಿವ್ ಆದರೆ ಇದರ ಒಂದೂವರೆ ಪಟ್ಟು. ಮೋಡ ಕವಿದ ದಿನ ಅರ್ಧ ಗಂಟೆಯಿಂದ ಒಂದು ಗಂಟೆ ದಾಟಬಹುದು. ಆದರೆ ಗಡಿಯಾರಕ್ಕಿಂತ ಬಣ್ಣವನ್ನು ನಂಬಿ. ತೆರೆದಿರುವ ಭಾಗ ಹಸಿರುಹಳದಿಯಿಂದ ಹಸಿರುನೀಲಿಗೆ, ಅಲ್ಲಿಂದ ಕಡುನೀಲಿಗೆ ಹೋಗಿ, ಕೊನೆಗೆ ಮಾಸಿದ ಕಂಚಿನಂಥ ಬೂದಿಬಣ್ಣಕ್ಕೆ ತಿರುಗುತ್ತದೆ. ಆ ಬೂದಿಬಣ್ಣ ಬರುವವರೆಗೆ ತೆಗೆಯಬೇಡಿ. ಕಡುನೀಲಿ ಕಂಡಾಕ್ಷಣ ಸಾಕೆಂದು ತೆಗೆಯುವುದು ಹೊಸಬರ ಸಾಮಾನ್ಯ ತಪ್ಪು, ತೊಳೆದಾಗ ಅದರ ಬಹುಭಾಗ ನೀರುಪಾಲಾಗುತ್ತದೆ.

ಹೊಸ ಕಾಗದ ಅಥವಾ ಹೊಸ ಜಾಗಕ್ಕೆ ಮೊದಲು ಟೆಸ್ಟ್ ಪಟ್ಟಿ ಮಾಡಿ. ಎರಡಂಗುಲ ಅಗಲದ ಲೇಪನದ ಪಟ್ಟಿಯನ್ನು ಪೂರ್ತಿ ತೆರೆದು ಬಿಸಿಲಿಗಿಡಿ. ಪ್ರತಿ 3 ನಿಮಿಷಕ್ಕೊಮ್ಮೆ ದಪ್ಪ ರಟ್ಟನ್ನು ಸರಿಸಿ ಐದನೇ ಒಂದು ಭಾಗದಷ್ಟು ಮುಚ್ಚುತ್ತ ಹೋಗಿ. 3, 6, 9, 12, 15 ನಿಮಿಷದ ಮೆಟ್ಟಿಲು ಸಿಗುತ್ತದೆ. ತೊಳೆದು ಒಣಗಿಸಿದ ಮೇಲೆ ಯಾವ ಮೆಟ್ಟಿಲಿನ ನಂತರ ನೀಲಿ ಇನ್ನಷ್ಟು ಕಡುವಾಗುತ್ತಿಲ್ಲವೋ ಅದೇ ನಿಮ್ಮ ಸಮಯ.

ಜೂನಿನಿಂದ ಸೆಪ್ಟೆಂಬರ್ ಕೈ ಕಟ್ಟಿ ಕೂರಲಾಗದವರು 365ರಿಂದ 395 ನ್ಯಾನೋಮೀಟರ್ ತರಂಗಾಂತರದ ಎಲ್‌ಇಡಿ ಯುವಿ, ಅಂದರೆ ಅತಿನೇರಳೆ, ಫ್ಲಡ್‌ಲೈಟ್ ಕೊಳ್ಳಬಹುದು. ಒಂದಡಿ ಎತ್ತರದಿಂದ ಬೆಳಕು ಬಿಟ್ಟು ಟೆಸ್ಟ್ ಪಟ್ಟಿಯಿಂದ ಸಮಯ ಗೊತ್ತುಮಾಡಿಕೊಳ್ಳಿ. ಉರಿಯುತ್ತಿರುವಾಗ ಅದನ್ನು ಬರಿಗಣ್ಣಲ್ಲಿ ನೋಡಬಾರದು, ರಟ್ಟಿನ ಪೆಟ್ಟಿಗೆಯಿಂದ ಮುಚ್ಚಿಬಿಡಿ.

ತೊಳೆಯುವ ನೀರು

ಮುಂಬೈ ಮಹಾನಗರಪಾಲಿಕೆಯ ಕೆರೆನೀರು ಮೃದು, ಪುಣೆಗೆ ಬರುವ ಖಡಕ್‌ವಾಸಲಾದ ನೀರೂ ಅಷ್ಟೇ. ಕಷ್ಟ ಬರುವುದು ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಸೊಸೈಟಿಗಳಲ್ಲಿ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ನಿಮ್ಮದು ಗಡಸು ನೀರು, ಕ್ಷಾರವೂ ಇರುವುದೇ ಹೆಚ್ಚು. ಅಂಥ ನೀರಲ್ಲಿ ಹತ್ತು ನಿಮಿಷ ಬಿಟ್ಟ ಮುದ್ರೆ ಕಣ್ಣೆದುರೇ ಸೊರಗುತ್ತದೆ. ಪರಿಹಾರ ಸುಲಭ: ಮೊದಲ ನೀರಿಗೆ, ಒಂದು ಲೀಟರಿಗೆ, ಒಂದು ದೊಡ್ಡ ಚಮಚ ಬಿಳಿ ವಿನಿಗರ್ ಅಥವಾ ಕಾಲು ಚಿಕ್ಕ ಚಮಚ ಸಿಟ್ರಿಕ್ ಆಸಿಡ್ ಸೇರಿಸಿ. ಕಿರಾಣಿ ಅಂಗಡಿಯಲ್ಲಿ ನಿಂಬೂ ಫೂಲ್ ಎಂದು ಕೇಳಿದರೆ ಇದನ್ನೇ ಕೊಡುತ್ತಾರೆ. ಇಷ್ಟು ಸೌಮ್ಯ ಹುಳಿಯಿಂದ ಅಪಾಯವಿಲ್ಲ. ಮೃದು ನೀರಿರುವವರಿಗೂ ಇದರಿಂದ ಲಾಭವುಂಟು, ನಡುನೀಲಿಯ ಛಾಯೆಗಳು ಹೆಚ್ಚು ಉಳಿಯುತ್ತವೆ.

ನೀರು ಗಂಟೆ ಲೆಕ್ಕದಲ್ಲಿ ಬರುವ ಮನೆಗಳಲ್ಲಿ ನಲ್ಲಿ ಬಿಟ್ಟು ತೊಳೆಯಬೇಕಿಲ್ಲ, ತೊಳೆಯಲೂ ಬಾರದು. ಧಾರೆ ನೇರ ಬಿದ್ದ ಕಡೆ ನೀಲಿ ಕಿತ್ತುಹೋಗುತ್ತದೆ. ಪ್ಲಾಸ್ಟಿಕ್ ಟ್ರೇಯಲ್ಲಿ ಒಂದು ಲೀಟರ್ ಹುಳಿನೀರು, ಅದರಲ್ಲಿ ಒಂದು ನಿಮಿಷ ಟ್ರೇಯನ್ನು ಮೆಲ್ಲಗೆ ಅಲುಗಿಸುತ್ತಿರಿ. ಮತ್ತೆ ಸಾದಾ ನೀರು ನಾಲ್ಕು ಸಲ, ಪ್ರತಿ ಸಲ ಮೂರು ನಿಮಿಷ. ಕೊನೆಯ ನೀರು ಸ್ವಚ್ಛವಾಗಿರಬೇಕು, ಬಿಳಿ ಭಾಗದಲ್ಲಿ ಹಳದಿಯ ಸುಳಿವೂ ಇರಬಾರದು. ಹಳದಿ ಉಳಿದರೆ ಅದು ಇನ್ನೂ ಜೀವಂತ ಲವಣ, ಗೋಡೆಗೆ ಹಾಕಿದ ಮೇಲೆ ನಿಧಾನಕ್ಕೆ ನೀಲಿಯಾಗಿ ಚಿತ್ರ ಕೆಡಿಸುತ್ತದೆ. ಹಾಗೆಂದು ಗಂಟೆಗಟ್ಟಲೆ ನೆನೆಹಾಕಿದರೂ ಬಣ್ಣ ಇಳಿಯುತ್ತದೆ. ಈ ನೀರನ್ನು ಹೂಕುಂಡಕ್ಕೆ ಹಾಕಬೇಡಿ, ಮೋರಿಗೆ ಸುರಿದು ಮೇಲೆ ಒಂದು ಬಕೆಟ್ ಸಾದಾ ನೀರು ಹರಿಸಿ.

ತೊಳೆದ ಮುದ್ರೆ ಮೊದಲು ಪೇಲವವಾಗಿ ಕಂಡರೆ ನಿರಾಶರಾಗಬೇಡಿ. ಒಂದು ದಿನ ಗಾಳಿಯಾಡಿದಂತೆ ನೀಲಿ ಕಡುವಾಗುತ್ತದೆ. ಕೂಡಲೇ ನೋಡಬೇಕೆಂದರೆ ಮೆಡಿಕಲ್ ಅಂಗಡಿಯ 6 ಪ್ರತಿಶತ ಹೈಡ್ರೋಜನ್ ಪೆರಾಕ್ಸೈಡ್ 5 ಮಿ.ಲೀ.ಯನ್ನು ಒಂದು ಲೀಟರ್ ನೀರಿಗೆ ಹಾಕಿ, ಅರ್ಧ ನಿಮಿಷ ಅದ್ದಿ ತೆಗೆದು ಮತ್ತೆ ತೊಳೆಯಿರಿ. ಕಣ್ಣೆದುರೇ ನೀಲಿ ಏರುತ್ತದೆ. ಕೊನೆಗೆ ಬರುವ ಬಣ್ಣ ಎರಡರಲ್ಲೂ ಒಂದೇ, ಪೆರಾಕ್ಸೈಡ್ ಕಾಯುವಿಕೆಯನ್ನಷ್ಟೇ ತಪ್ಪಿಸುತ್ತದೆ.

ಕೆಟ್ಟರೆ ಕಾರಣವೇನು

ಇಡೀ ಚಿತ್ರ ಪೇಲವ: ಬಿಸಿಲು ಸಾಲಲಿಲ್ಲ. ಬಿಸಿಲು ಸರಿಯಾಗಿತ್ತೆಂದು ಖಾತ್ರಿಯಿದ್ದರೆ ನೀರು ಅಥವಾ ಕಾಗದದ ಕ್ಷಾರ.

ಬಿಳಿ ಭಾಗವೂ ನೀಲಿ: ಹಾಳೆ ಮುದ್ರಿಸುವ ಮೊದಲೇ ತೇವಕ್ಕೋ ಬೆಳಕಿಗೋ ಕೆಟ್ಟಿತ್ತು. ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ಬಿಸಿಲಿಗೇ ಇಡದ ಒಂದು ತುಂಡನ್ನು ತೊಳೆಯಿರಿ. ಅದು ಪೂರ್ತಿ ಬೆಳ್ಳಗಾದರೆ ದೋಷ ಲೇಪನದ್ದಲ್ಲ, ನೆಗೆಟಿವ್‌ನ ಕಪ್ಪು ಸಾಲದು ಎಂದರ್ಥ.

ಅಲ್ಲಲ್ಲಿ ಕಡುನೀಲಿ ಚುಕ್ಕೆ: ಕಬ್ಬಿಣದ ಕಣ. ಬ್ರಷ್ಷಿನ ತಗಡು, ತುಕ್ಕು ಹಿಡಿದ ನಲ್ಲಿ, ಗ್ರಿಲ್ಲಿನಿಂದ ಉದುರಿದ ಪುಡಿ.

ಅಂಚು ಮಸುಕು: ಗಾಜು ಒತ್ತಿ ಕೂತಿಲ್ಲ, ಅಥವಾ ಬಿಸಿಲು ತೀರಾ ಓರೆಯಾಗಿತ್ತು.

ನೆಲದ ಟೈಲ್ಸಿಗೆ ನೀಲಿ ಕಲೆ: ವಾಷಿಂಗ್ ಸೋಡಾದ ನೀರು ಹಾಕಿದರೆ ನೀಲಿ ಹೋಗಿ ತುಕ್ಕಿನಂಥ ಕಂದು ಉಳಿಯುತ್ತದೆ. ಸೋಡಾವನ್ನು ಚೆನ್ನಾಗಿ ತೊಳೆದ ಮೇಲೆ ಸಿಟ್ರಿಕ್ ಆಸಿಡ್ ನೀರಿನಿಂದ ಆ ಕಂದನ್ನೂ ತೆಗೆಯಬಹುದು. ಅಮೃತಶಿಲೆಯ ನೆಲಕ್ಕೆ ಮಾತ್ರ ಹುಳಿ ತಾಗಿಸಬಾರದು, ಕಲ್ಲಿನ ಹೊಳಪು ಹೋಗುತ್ತದೆ. ಅಂಥ ನೆಲವಿದ್ದರೆ ಮೊದಲೇ ಪ್ಲಾಸ್ಟಿಕ್ ಹಾಸಿಕೊಳ್ಳಿ.

ನೀಲಿಯಿಂದ ಕಪ್ಪಿಗೆ, ಕಾಗದದಿಂದ ಬಟ್ಟೆಗೆ

ಕ್ಷಾರ ನೀಲಿಯ ಶತ್ರುವೆಂದೆವು. ಅದನ್ನೇ ಬಳಸಿ ಬಣ್ಣ ಬದಲಿಸಬಹುದು. ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ವಾಷಿಂಗ್ ಸೋಡಾ ಕರಗಿಸಿ, ಪೂರ್ತಿ ಒಣಗಿದ ಮುದ್ರೆಯನ್ನು ಮತ್ತೆ ಒದ್ದೆ ಮಾಡಿ ಅದರಲ್ಲಿ ಅದ್ದಿ. ಒಂದು ನಿಮಿಷದೊಳಗೆ ನೀಲಿ ಮಾಸಿ ಹಳದಿಯಾಗುತ್ತದೆ. ತೊಳೆದು, ಆರಿದ ಕಡು ಚಹಾದಲ್ಲಿ ಅರ್ಧ ಗಂಟೆ ಬಿಡಿ. ಅರ್ಧ ಲೀಟರಿಗೆ ನಾಲ್ಕು ಚಮಚ ಚಹಾಪುಡಿ, ಹಾಲು ಸಕ್ಕರೆ ಇಲ್ಲದೆ. ಉಳಿದಿದ್ದ ಕಬ್ಬಿಣ ಚಹಾದ ಒಗರಿನ ಅಂಶವಾದ ಟ್ಯಾನಿನ್ ಜತೆ ಸೇರಿ ಕಂದುಗಪ್ಪಾಗುತ್ತದೆ. ಫಿಲ್ಟರ್ ಕಾಫಿಯ ಡಿಕಾಕ್ಷನ್ನೂ ಆಗುತ್ತದೆ, ಆದರೆ ಎರಡೂ ಬಿಳಿ ಭಾಗವನ್ನು ಮಾಸಲು ಮಾಡುತ್ತವೆ. ಅಳಲೆಕಾಯಿ ಪುಡಿ ಇವೆರಡಕ್ಕಿಂತ ಮೇಲು. ಟ್ಯಾನಿನ್ ಹೆಚ್ಚು, ಕಪ್ಪು ಗಾಢ, ಬಿಳಿಗೆ ತೆಳು ಹಳದಿಯಷ್ಟೇ ಹತ್ತುತ್ತದೆ. ಇಲ್ಲಿನ ಆಯುರ್ವೇದದ ಅಂಗಡಿಗಳಲ್ಲಿ ಹಿರಡಾ ಎಂದು ಕೇಳಿ.

ಬಟ್ಟೆಗೆ ಅಪ್ಪಟ ಹತ್ತಿ, ಖಾದಿ, ರೇಷ್ಮೆ ಬೇಕು. ಪಾಲಿಯೆಸ್ಟರಿಗೆ ಬಣ್ಣ ಹಿಡಿಯುವುದಿಲ್ಲ. ಹೊಸ ಬಟ್ಟೆಯ ಗಂಜಿ ಹೋಗುವಂತೆ ಬಿಸಿನೀರಲ್ಲಿ ಒಗೆದು, ಸೋಪಿನ ಅಂಶ ಉಳಿಯದಂತೆ ಜಾಲಿಸಿ, ಒಣಗಿಸಿ. ಹಳೆಯ ಬಿಳಿ ಪಂಚೆಯ ತುಂಡು ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು, ಒಗೆದೊಗೆದು ಅದರ ನಾರು ತೆರೆದುಕೊಂಡಿರುತ್ತದೆ. ಬಟ್ಟೆಯನ್ನು ದ್ರಾವಣದಲ್ಲಿ ಅದ್ದಿ ಹಿಂಡಿ, ಮುದುಡದಂತೆ ಕತ್ತಲಲ್ಲಿ ಹರವಿ ಒಣಗಿಸಿ, ಬಿಸಿಲಿಗೆ ಕಾಗದಕ್ಕಿಂತ ಒಂದೂವರೆ ಪಟ್ಟು ಹೊತ್ತು ಇಡಿ. ಮುಂದೆ ಆ ಬಟ್ಟೆಯನ್ನು ವಾಷಿಂಗ್ ಮಷೀನಿಗೆ ಹಾಕಬೇಡಿ. ಡಿಟರ್ಜೆಂಟಿನಲ್ಲಿರುವ ಸೋಡಾ ಒಂದೆರಡು ಒಗೆತದಲ್ಲೇ ಚಿತ್ರವನ್ನು ಹಳದಿ ಮಾಡುತ್ತದೆ. ಅಂಟುವಾಳದ ನೀರು ಸ್ವಲ್ಪ ಹುಳಿಗುಣದ್ದು, ಅದರಲ್ಲಿ ಕೈಯಿಂದ ಒಗೆದು ನೆರಳಲ್ಲಿ ಒಣಗಿಸಿದರೆ ನೀಲಿ ಬಾಳುತ್ತದೆ. ಮರಾಠಿಯಲ್ಲಿ ಅದಕ್ಕೆ ರಿಠಾ ಎನ್ನುತ್ತಾರೆ.

ಕಾಗದದ ಮುದ್ರೆಯನ್ನು ಗೋಡೆಗೆ ಹಾಕುವಾಗ ನೇರ ಬಿಸಿಲು ಬೀಳದ ಜಾಗ ಆರಿಸಿ. ಚಿತ್ರ ಗಾಜಿಗೆ ತಾಗದಂತೆ ನಡುವೆ ಮೌಂಟ್ ಬೋರ್ಡ್ ಇರಲಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಅಂಟಿಕೊಳ್ಳುತ್ತದೆ. ಫ್ರೇಮಿನ ಹಿಂಬದಿಯ ನಾಲ್ಕು ಮೂಲೆಗೂ ಬಿರಡೆಯ ಸಣ್ಣ ಚೂರು ಅಂಟಿಸಿದರೆ ಒದ್ದೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡುತ್ತದೆ. ಹೆಚ್ಚು ಬೆಳಕಿಗೆ ಸಿಕ್ಕಿ ನೀಲಿ ಮಾಸಿದ್ದರೆ ಎಸೆಯಬೇಡಿ: ಕೆಲವು ವಾರ ಕತ್ತಲ ಕಪಾಟಿನಲ್ಲಿ, ಗಾಳಿ ತಾಗುವಂತೆ ಇಟ್ಟರೆ ಪ್ರಷ್ಯನ್ ನೀಲಿ ಆಮ್ಲಜನಕ ಹೀರಿಕೊಂಡು ಕಳೆದುಕೊಂಡ ಬಣ್ಣದ ಬಹುಪಾಲನ್ನು ಮರಳಿ ಪಡೆಯುತ್ತದೆ.